ಕುರ್ಚಿ ಬಿಡದ ಅಧ್ಯಕ್ಷರು

ಶಿಗ್ಗಾಂವದ ಹೆದ್ದಾರಿ ಪಕ್ಕದ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿಯಲ್ಲಿ ಗುಲ್ನಾಜಳ ಮನೆ. ಮದುವೆ ವೇದಿಕೆಯ ಸಾಮಾನನ್ನು ಅವಳು ಅಲ್ಲಿಂದಲೇ ಬಾಡಿಗೆಗೆ ಕೊಡುತ್ತಿದ್ದಳು. ಅಡುಗೆಮನೆಯ ತನಕ ಪ್ಲಾಸ್ಟಿಕ್ ಹೂವಿನ ಕಮಾನುಗಳು. ಹಾಲ್‌ನಲ್ಲಿ ಕೂರಲು ಇದ್ದದ್ದು ಕೆಂಪು ಮಖಮಲ್ಲಿನ ಒಂದೇ ಒಂದು ಸಿಂಹಾಸನ.

ಒಂದು ಭಾನುವಾರ ಮುಂಜಾನೆ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ಪರಮೇಶ್ವರಪ್ಪನವರು ಬಂದರು.

"ಮನ್ಯಾಗ ವ್ಯಾಪಾರ ಮಾಡಾಕ ನಿಯಮ ಇಲ್ಲವಾ. ಇವತ್ತ ಇಲ್ಲೇ ಸಭೆ ಕರದೇನಿ."

"ಕುಂದರ್ರಿ ಕಾಕಾರ," ಎಂದಳು ಗುಲ್ನಾಜ.

ಅವರು ಸಿಂಹಾಸನದಲ್ಲಿ ಕುಳಿತರು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಚಹಾ ತಂದಾಗ ಕೈ ಚಾಚಲಿಲ್ಲ. ಕಪ್ಪು ತಮ್ಮ ಬಳಿಗೆ ಬರಲಿ ಎಂದು ಕಾದರು.

ಸಭೆಗೆ ಒಬ್ಬರೂ ಬರಲಿಲ್ಲ. ಬಂದವನು ಗುಲ್ನಾಜಳ ಗಂಡ ಮುಸ್ತಾಕ, ಇಬ್ಬರು ಹಮಾಲರ ಜೊತೆ. ಸಿಂಹಾಸನ ಸವಣೂರಿನ ಮದುವೆಗೆ ಹೊರಡಬೇಕಿತ್ತು.

"ಏಳ್ರಿ ಕಾಕಾರ, ಹೊತ್ತಾತು," ಎಂದ ಮುಸ್ತಾಕ.

"ಸಭೆ ಮುಗಿಯೂತನಕ ಅಧ್ಯಕ್ಷ ಕುರ್ಚಿ ಬಿಡಂಗಿಲ್ಲಪಾ."

ಎಷ್ಟು ಬೇಡಿಕೊಂಡರೂ ಏಳಲಿಲ್ಲ. ಕೊನೆಗೆ ಅವರ ಸಮೇತವೇ ಎತ್ತಿ, ಮೆಟ್ಟಿಲಿಳಿಸಿ ಟೆಂಪೊ ಏರಿಸಿದರು. ದಾರಿಯುದ್ದಕ್ಕೂ ಅವರು ಹಿಂದೆ ಬರುವ ಬೈಕಿನವರಿಗೆಲ್ಲ ಕೈ ಮುಗಿದರು.

ಸವಣೂರಿನ ಶಾದಿಮಹಲಿನ ವೇದಿಕೆ ಮೇಲೆ ಇಳಿಸಿದಾಗ ಹೆಣ್ಣಿನ ಕಡೆಯವರು ಯಾರೋ ದೊಡ್ಡವರೆಂದು ಹಾರ ಹಾಕಿದರು. ಮದುಮಗ ಜಾಕೀರ ಮುಖದ ಮೇಲಿನ ಹೂವಿನ ಸೆಹರಾ ಸರಿಸಿಕೊಂಡು ಪಕ್ಕದಲ್ಲಿ ನಿಂತೇ ಇದ್ದ. ಟೆಂಪೊದಲ್ಲೇ ಬಂದಿದ್ದ ಗುಲ್ನಾಜ ವೇದಿಕೆ ಹತ್ತಿದಳು. ಇನ್ನು ಈ ಊರಿನಲ್ಲಿ ತನ್ನನ್ನು ಯಾರು ಕರೆದಾರು?

ಅವಳು ಮೈಕ್ ಇಸಿದುಕೊಂಡಳು.

"ಸಭೆ ಇಲ್ಲೇ ಮುಗಸೂಣ್ರಿ. ಮನ್ಯಾಗ ವ್ಯಾಪಾರ ಇರಬೇಕು ಅನ್ನೋರು ಕೈ ಎತ್ರಿ."

ಏನು ಎತ್ತ ಎಂದು ಯಾರೂ ವಿಚಾರಿಸಲಿಲ್ಲ, ಊಟಕ್ಕೆ ತಡವಾಗಿತ್ತು. ಇಡೀ ಶಾದಿಮಹಲ್ ಕೈ ಎತ್ತಿತು. ಮದುಮಗ ಎರಡೂ ಕೈ ಎತ್ತಿದ. ಪರಮೇಶ್ವರಪ್ಪನವರು ಒಂದನ್ನು ಹಿಡಿದು ಇಳಿಸಿದರು.

"ಬ್ಯಾಡ ಅನ್ನೋರು?" ಎಂದು ಕೇಳಿ ತಾವೊಬ್ಬರೇ ಕೈ ಎತ್ತಿದರು. ಸ್ವಲ್ಪ ಹೊತ್ತು ಹಾಗೇ ಕಾದರು. "ಬಹುಮತ ಐತಿ. ಸಭೆ ಮುಗೀತು."

ಎದ್ದು ಜಾಕೀರನನ್ನು ಕೂರಿಸಿ, ತಮ್ಮ ಹಾರವನ್ನು ಅವನ ಕೊರಳಿಗೆ ಹಾಕಿದರು.

ಆಮೇಲೆ ಗುಲ್ನಾಜಳ ವ್ಯಾಪಾರಕ್ಕೆ ಯಾರೂ ಅಡ್ಡ ಬರಲಿಲ್ಲ. ಸಂಘದ ಸಭೆಗೆ ಮಾತ್ರ ಈಗ ಸವಣೂರಿನಿಂದಲೂ ಜನ ಬರುತ್ತಾರೆ. ನೀರಿನ ಟಾಕಿ ತೊಳೆಸುವ ವಿಷಯದಲ್ಲಿ ಅವರದು ಭಾರೀ ತಕರಾರು.