ಮೊದಲೇ ಬಿದ್ದಿದ್ದ ಟಿಕ್

ಗುಡಗೇರಿಯ ಸ್ಟೇಷನ್ ರಸ್ತೆಯಲ್ಲಿದ್ದ ಗೌರೀಶನ ಅಂಗಡಿ ಖಾರದ ಪುಡಿ, ಶೇಂಗಾ ಚಟ್ನಿ, ಕಡಕ್ ರೊಟ್ಟಿಗಳನ್ನು ಆನ್‌ಲೈನಿನಲ್ಲಿಯೂ ಮಾರುತ್ತಿತ್ತು. ಅದರ ವೆಬ್‌ಸೈಟ್ ಮಾಡಿದವಳು ಶಿವಗಂಗಾ. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಈ ಅಂಗಡಿಯಲ್ಲೇ ಕೆಲಸಕ್ಕಿದ್ದಳು. ಹಣ ಕಟ್ಟುವ ಪುಟದಲ್ಲಿ ‘ಪ್ರತಿ ತಿಂಗಳೂ ಕಳಿಸಿ’ ಎಂಬ ಸಾಲಿಗೆ ಮೊದಲೇ ಟಿಕ್ ಹಾಕಿಡಲು ಗೌರೀಶ ಹೇಳಿದಾಗ ಬೇಡವೆಂದಿದ್ದಳು. ಓದುವವರು ತೆಗೆಯುತ್ತಾರೆ, ಓದದವರು ತಿನ್ನುತ್ತಾರೆ ಎಂದು ಅವನು ನಕ್ಕಿದ್ದ. ಅವಳು ಹಾಕಿದಳು.

ಜೂನ್‌ನಲ್ಲಿ ಹಸನಬಿ ಬಂದರು. ಯರಗುಪ್ಪಿಯ ಅಂಗನವಾಡಿಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು. ಸೊಲ್ಲಾಪುರದ ಮಗಳಿಗೆಂದು ಒಂದೇ ಸಲ ಖಾರದ ಪುಡಿ ಕಳಿಸಿದ್ದರು. ಮರುತಿಂಗಳು ಖಾತೆಯಿಂದ ಆರುನೂರಾ ನಲವತ್ತು ರೂಪಾಯಿ ತಾನಾಗಿ ಕಡಿತವಾಗಿ ಇನ್ನೊಂದು ಪಾರ್ಸೆಲ್ ಹೋಗಿತ್ತು. ಮೂರು ಸಲ ಫೋನು ಮಾಡಿದರೂ ಯಾರೂ ಎತ್ತದ್ದಕ್ಕೆ ಬಸ್ಸು ಹತ್ತಿದ್ದರು.

ಗೌರೀಶ ಅವರಿಗೆ ಕೂಡ್ರಲು ಹೇಳಲಿಲ್ಲ. “ಅಕ್ಕಾರ, ಟಿಕ್ ಹಾಕಿದಾವ್ರು ನೀವು. ನಮ್ದೇನ್ ತಪ್ಪೈತ್ರಿ?” ಎಂದ.

“ನಾ ಹಾಕಿಲ್ಲ. ನೀವು ಹಾಕಿದ್ದನ್ನ ತಗೀಲಿಲ್ಲ. ಎರಡೂ ಒಂದ ಏನು?”

ಗೌರೀಶ ಶಿವಗಂಗಾಳತ್ತ ಕೈ ಮಾಡಿ, ಅದನ್ನೆಲ್ಲ ಮಾಡಿದವಳು ಅವಳು, ಅವಳನ್ನೇ ಕೇಳಿರಿ ಎಂದು ತನ್ನ ಮೊಬೈಲು ನೋಡತೊಡಗಿದ.

ಶಿವಗಂಗಾಳಿಗೆ ಮೈ ಉರಿಯಿತು. ಆದರೂ ಹಸನಬಿಗೆ, ಅಂದು ಹೇಗೆ ಆರ್ಡರ್ ಮಾಡಿದಿರೋ ಹಾಗೇ ಮಾಡಿ ತೋರಿಸಿ, ಕೊನೆಯ ಬಟನ್ ಮಾತ್ರ ಒತ್ತಬೇಡಿ ಎಂದು ಕೇಳಿಕೊಂಡಳು. ಮತ್ತೆ ರೊಕ್ಕ ಕಸಿದುಕೊಳ್ಳಲಿಕ್ಕೇನು ಎಂದು ಗೊಣಗಿದ ಹಸನಬಿ ನಿಂತುಕೊಂಡೇ ಮೊಬೈಲು ತೆಗೆದರು.

ಅವರು ಒಂದಕ್ಷರವನ್ನೂ ಬಿಡದೆ ಓದಿ ವಿಳಾಸ ತುಂಬಿದರು. ಅಕ್ಷರ ಒತ್ತುವಾಗ ಕೀಬೋರ್ಡ್ ಮೇಲೆದ್ದು ಪರದೆಯ ಕೆಳಭಾಗ ಮುಚ್ಚಿತು. ಅದು ಇಳಿದಾಗ ಕಂಡದ್ದು ದೊಡ್ಡ ಹಸಿರು ಬಟನ್. ಟಿಕ್ ಇದ್ದ ಸಾಲು ಅದರ ಮೇಲ್ಗಡೆ ಬೂದಿ ಬಣ್ಣದಲ್ಲಿ ಅಡಗಿತ್ತು. ಗೌರೀಶ ಟಿಕ್ ಹಾಕೆಂದಿದ್ದ, ಅಷ್ಟೇ. ಆ ಬಣ್ಣ, ಆ ಜಾಗ ಶಿವಗಂಗಾ ತಾನೇ ಆರಿಸಿದ್ದಳು. ಅಂದು ಅದನ್ನು ಜಾಣತನ ಅಂದುಕೊಂಡಿದ್ದಳು.

ಅವಳು ಬೆರಳಿಟ್ಟು ತೋರಿಸಿದ ಮೇಲೆ ಹಸನಬಿ ಕನ್ನಡಕ ಸರಿಸಿ ಬಹಳ ಹೊತ್ತು ನೋಡಿದರು.

“ಕಣ್ಣು ಹೋಗ್ಯಾವಂತ ನನ್ನ ನಾನ ಬೈಕೊಂಡಿದ್ದೆ,” ಎಂದರು. “ಕಾಣಬಾರದಂತ ನೀ ಮಾಡಿಟ್ಟಿದ್ದಿ.”

ಶಿವಗಂಗಾ ಕಂಪ್ಯೂಟರಿನತ್ತ ತಿರುಗಿದಳು. ಅವರ ಎದುರಿಗೇ ಹಣ ವಾಪಸು ಕಳಿಸಿದಳು. ಹಸನಬಿ ಬ್ಯಾಂಕಿನ ಮೆಸೇಜು ಬರುವವರೆಗೆ ನಿಂತು, ಬಂದ ಮೇಲೆ ಹೊರಟುಹೋದರು.

ಮಧ್ಯಾಹ್ನ ಅವಳು ಟಿಕ್ ತೆಗೆದಳು. ಹಣ ಕಟ್ಟುವಾಗ ಕೊನೆಗೆ ಸದ್ದಿಲ್ಲದೆ ಸೇರುತ್ತಿದ್ದ ಪ್ಯಾಕಿಂಗ್ ಖರ್ಚನ್ನು ಮೊದಲ ಪುಟದ ಬೆಲೆಯಲ್ಲೇ ತೋರಿಸಿದಳು. ತಿಂಗಳ ಆರ್ಡರಿನಲ್ಲಿ ಸಿಕ್ಕಿಕೊಂಡಿದ್ದ ಅರವತ್ತೆರಡು ಮಂದಿಗೂ, ಬೇಕೋ ಬೇಡವೋ ಎಂದು ಕೇಳಿ ಮೆಸೇಜು ಕಳಿಸಿದಳು. ಸಂಜೆಯೊಳಗೆ ಐವತ್ತು ಜನ ಬೇಡವೆಂದರು.

ಗೌರೀಶ ಕುರ್ಚಿ ಒದ್ದು ಎದ್ದ. “ನನ್ನ ಅಂಗಡ್ಯಾಗ ಕುಂತು ನನ್ನ ಗಿರಾಕಿನ್ನ ಓಡಸ್ತಿ?”

“ಅವ್ರು ಗಿರಾಕಿ ಅಲ್ರಿ. ಸಿಕ್ಕೊಂಡಾವ್ರು.”

ಅವನು ಪಾಸ್‌ವರ್ಡ್ ಬರೆಸಿಕೊಂಡು ನಾಳೆಯಿಂದ ಬರಬೇಡ ಎಂದ. ಆ ತಿಂಗಳ ಪಗಾರ ಕೊಡಲಿಲ್ಲ. ಎರಡೇ ದಿನದಲ್ಲಿ ಟಿಕ್ ಮತ್ತೆ ಬಂದಿತ್ತು.

ದೀಪಾವಳಿಯ ಹೊತ್ತಿಗೆ ಅಣ್ಣಿಗೇರಿಯಲ್ಲಿ ರೊಟ್ಟಿ ಮಾಡುವ ಹೆಂಗಸರ ಸಂಘವೊಂದು ಶಿವಗಂಗಾಳಿಗೆ ಕೆಲಸ ಕೊಟ್ಟಿತು. ಹೊಸ ಪುಟ ಸಿದ್ಧವಾದಾಗ ಅವಳು ಅದರ ಲಿಂಕನ್ನು ಹಸನಬಿಗೆ ಕಳಿಸಿ, ಒಮ್ಮೆ ನೋಡಿ ಹೇಳಿರೆಂದು ಬರೆದಳು. ನಾಲ್ಕು ದಿನ ಉತ್ತರವಿಲ್ಲ. ಐದನೆಯ ದಿನ ಧ್ವನಿ ಸಂದೇಶ ಬಂತು.

“ನಿನ್ನ ಮ್ಯಾಲ ನನಗ ನಂಬಿಕಿಲ್ಲ. ಅದಕ್ಕ ಎಲ್ಲಾ ಓದೇನಿ. ಪಿನ್‌ಕೋಡ್ ತಪ್ಪಾದ್ರ ಕೆಂಪು ಅಕ್ಷರ ಬರ್ತಾವು, ಏನು ತಪ್ಪಂತ ಹೇಳಂಗಿಲ್ಲ. ರೊಟ್ಟಿ ಮುರದು ಬಂದ್ರ ಯಾರಿಗೆ ಫೋನ್ ಮಾಡಬೇಕಂತ ಬರದಿಲ್ಲ. ಅವೆರಡೂ ಸರಿ ಮಾಡು.”

ಶಿವಗಂಗಾ ಎರಡನ್ನೂ ಸರಿ ಮಾಡಿ ತಿಳಿಸಿದಳು. ಹಸನಬಿ ಉತ್ತರ ಬರೆಯಲಿಲ್ಲ, ರೊಟ್ಟಿಯನ್ನೂ ತರಿಸಲಿಲ್ಲ.