ಅತ್ತೆಯ ಪಿಸುಮಾತು

ಇಂಟರ್‌ವ್ಯೂ ಇದ್ದದ್ದು ಸೊಸೆಗೆ, ಕೈಕಾಲು ಆಡದಂತಾಗಿದ್ದು ಅತ್ತೆಗೆ. ಬೆಳಗಿನಿಂದ ಸೊಸೆಯ ಕೂದಲು ಮತ್ತೆ ಮತ್ತೆ ಸರಿಮಾಡಿದ್ದಾಯಿತು, ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡಿದ್ದಾಯಿತು. ಇವತ್ತು ಕುಕ್ಕರ್ ಇಡಬಾರದು ಎಂದು ತಾವೇ ಹೇಳಿ, ತಾವೇ ಮರೆತು ಇಟ್ಟು, ಸೀಟಿ ಹೊಡೆಯುವ ಮೊದಲೇ ಓಡಿಹೋಗಿ ಆರಿಸಿದ್ದೂ ಆಯಿತು. ಮಲಗುವ ಕೋಣೆಯ ಕಿಟಕಿ ಪಕ್ಕ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು. ಮುಖಕ್ಕೆ ಬೆಳಕು ಬೀಳುವ ಜಾಗಕ್ಕೆ ತಳ್ಳಬಹುದಾಗಿದ್ದ ಮೇಜು ಇಡೀ ಮನೆಯಲ್ಲಿ ಅದೊಂದೇ.

ಕಂಪನಿಯವರು ಮೊದಲೇ ಖಡಾಖಂಡಿತವಾಗಿ ಹೇಳಿದ್ದರು: ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಯಾರಾದರೂ ಉತ್ತರ ಹೇಳಿಕೊಟ್ಟರೆ ಇಂಟರ್‌ವ್ಯೂ ಅಲ್ಲಿಗೇ ರದ್ದು. ಮೇಜಿನ ಕೆಳಗೆ ಗೆಳೆಯನನ್ನು ಕೂರಿಸಿಕೊಂಡು ಪಟಪಟ ಉತ್ತರ ಕೊಡುವ ಭೂಪರು ಈಚೆಗೆ ಹೆಚ್ಚಾಗಿದ್ದರಂತೆ.

"ಅತ್ತೆ, ಕೇಳಿಸ್ತಲ್ಲ? ನೀವು ಅಡುಗೆಮನೆಯಲ್ಲೇ ಇರ್ಬೇಕು" ಎಂದಳು ಸೊಸೆ.

"ಇರ್ತೀನಿ ಕಣೆ. ಉಸಿರೂ ಬಿಡಲ್ಲ. ನಲವತ್ತು ವರ್ಷ ಟೀಚರ್ ಆಗಿದ್ದೋಳಿಗೆ ನೀನು ಪರೀಕ್ಷೆ ನಿಯಮ ಹೇಳ್ಕೊಡ್ತೀಯಾ?"

ಅದೂ ನಿಜವೇ. ಪರೀಕ್ಷೆಯಲ್ಲಿ ಪಕ್ಕದವನಿಗೆ ಪಿಸುಗುಟ್ಟಿದ ಎಷ್ಟು ಮಕ್ಕಳ ಕಿವಿಯನ್ನು ಈ ಅತ್ತೆ ಹಿಂಡಿದ್ದರೋ, ಲೆಕ್ಕ ಇಟ್ಟವರಿಲ್ಲ.

ಸೊಸೆ ಆರು ವರ್ಷದ ಹಿಂದೆ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದಳು. ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವಳು. ಗಂಡ ಈಗಲೂ ಗೇಲಿ ಮಾಡುತ್ತಾನೆ: "ತಪ್ಪು ಹುಡುಕೋಕೆ ಸಂಬಳ ತಗೊಂಡ ಹೆಂಡತಿ ಇಡೀ ಬೀದಿಗೆ ನಮ್ಮನೇಲಿ ಮಾತ್ರ." ಕೆಲಸದಲ್ಲಿ ಒಳ್ಳೆ ಹೆಸರು ಮಾಡಿ, ಇನ್ನೇನು ತಂಡದ ಮುಖ್ಯಸ್ಥೆ ಆಗಬೇಕು ಅನ್ನುವಾಗ, ಒಂದು ಬೆಳಿಗ್ಗೆ ಅತ್ತೆ ಹಲ್ಲುಜ್ಜುತ್ತಾ ಕುಸಿದುಬಿದ್ದರು. ಸ್ಟ್ರೋಕ್. ಕೈಕಾಲಿಗೆ ಮೆಲ್ಲಗೆ ಶಕ್ತಿ ಬಂತು. ಮಾತು ಮಾತ್ರ ಕಲಸುಮೇಲೋಗರವಾಯಿತು. ಲೋಟ ಬೇಕಾದರೆ "ಗಡಿಯಾರ ಕೊಡು" ಅನ್ನುತ್ತಿದ್ದರು. ಹೆತ್ತ ಮಗನನ್ನು "ಬಾಗಿಲು" ಎಂದು ಕರೆದರು. ಕರೆದ ಮೇಲೆ ತಪ್ಪಾಯಿತೆಂದು ಗೊತ್ತಾಗಿ ಅಳುತ್ತಿದ್ದರು. ಮಗುವಿಗೆ ಕಲಿಸಿದ ಹಾಗೆ ಮೊದಲಿಂದ ಕಲಿಸಬೇಕು ಎಂದರು ಡಾಕ್ಟರು. ಸೊಸೆ ಕೆಲಸ ಬಿಟ್ಟಳು.

ಕಲಿಸುವುದರಲ್ಲೂ ಅವಳದೊಂದು ರೀತಿ. ದಿನಕ್ಕೊಂದು ಹೊಸ ಮಾತು. ಆದರೆ ಅದನ್ನು ಹೇಳಿಕೊಟ್ಟ ಮೇಲೆ ಹಳೆಯದನ್ನೆಲ್ಲ ಮತ್ತೆ ಕೇಳುವಳು. ಲೋಟ ಎತ್ತಿ "ಇದೇನು?", ಬೀಗದ ಕೈ ಎತ್ತಿ "ಇದೇನು?", ಕೊನೆಗೆ ತನ್ನ ಎದೆ ಮುಟ್ಟಿಕೊಂಡು "ನಾನ್ಯಾರು?" ಆ ಕೊನೆಯ ಪ್ರಶ್ನೆಗೆ ಅತ್ತೆ ತಿಂಗಳುಗಟ್ಟಲೆ ತಡಕಾಡಿದರು. ಒಂದು ದಿನ "ಸೊಸೆ" ಎಂದರು ನೋಡಿ, ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೂತು ಮನಸಾರೆ ಅತ್ತರು. ಈಗ ಅತ್ತೆಯ ಮಾತು ಹರಿಯುವ ನೀರು. ಉಳಿದದ್ದು ಒಂದೇ ಕೊರತೆ, ದನಿ ತಗ್ಗಿಸಲು ಬರುವುದಿಲ್ಲ. ಅವರು ಗುಟ್ಟು ಹೇಳಿದರೆ ಎದುರುಮನೆಯವರು ಕಿಟಕಿ ತೆಗೆದು "ಏನಂದ್ರಿ?" ಎಂದು ಕೇಳುತ್ತಾರೆ.

ಮತ್ತೆ ಕೆಲಸಕ್ಕೆ ಹೊರಟಾಗ ಹೋದಲ್ಲೆಲ್ಲ ಆ ಆರು ವರ್ಷದ ಖಾಲಿ ಜಾಗವೇ ಅಡ್ಡ ಬಂತು. "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಎನ್ನುವರು. "ಮನೆ ಜವಾಬ್ದಾರಿ ಇತ್ತು" ಎಂದು ಇವಳು ಕುಗ್ಗಿ ಹೇಳುವಳು. ಅಲ್ಲಿಗೆ ಮುಗಿಯಿತು. ಈ ಸಲ ಅತ್ತೆಯೇ ಕಚ್ಚೆ ಕಟ್ಟಿ ನಿಂತರು. ದಿನಾ ಮಧ್ಯಾಹ್ನ ಕನ್ನಡಕ ಹಾಕಿಕೊಂಡು, ಕಾಲಮೇಲೆ ಕಾಲು ಹಾಕಿ, ಪ್ರಶ್ನೆ ಕೇಳುವ ಮೇಡಂ ಆದರು. ಒಂದಕ್ಷರ ಅರ್ಥವಾಗದಿದ್ದರೂ ಉತ್ತರಗಳೆಲ್ಲ ಅವರಿಗೆ ಬಾಯಿಪಾಠ. ಸ್ವಂತ ತಾಯಿಯೂ ಇಷ್ಟು ತಾಳ್ಮೆಯಿಂದ ಕೂರುತ್ತಿರಲಿಲ್ಲ ಎಂದು ಸೊಸೆಗೆ ಎಷ್ಟೋ ಸಲ ಅನ್ನಿಸಿತ್ತು.

ಹನ್ನೊಂದಕ್ಕೆ ಸರಿಯಾಗಿ ಪರದೆಯ ಮೇಲೆ ದಪ್ಪ ಕನ್ನಡಕದ ಒಬ್ಬ ಮೇಡಂ ಬಂದರು. ಮೊದಲ ಪ್ರಶ್ನೆಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿದವು. ಆಮೇಲೆ ಮೇಡಂ ಕೇಳಿದರು: "ಸಾಫ್ಟ್‌ವೇರ್‌ಗೆ ಹೊಸದೇನೋ ಸೇರಿಸಿದ್ದಾರೆ, ನಾಳೆ ಜನರ ಕೈಗೆ ಹೋಗ್ಬೇಕು ಅಂದ್ಕೊಳ್ಳಿ. ಯಾವ ಟೆಸ್ಟ್‌ನ ನೀವು ಬಿಡೋಕೇ ಆಗಲ್ಲ?"

ಅರೆನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಹುದಾದ ಉತ್ತರ. ಆದರೆ ಹಾಳಾದ್ದು, ಆ ಗಳಿಗೆಗೆ ನಾಲಿಗೆ ತುದಿಯಲ್ಲಿದ್ದ ಪದ ಹಾರಿಹೋಯಿತು. ಸೊಸೆ ಬಾಯಿ ತೆರೆದಳು, ಮುಚ್ಚಿದಳು.

ಬಾಗಿಲ ಹಿಂದಿನಿಂದ ಪಿಸುಮಾತು ಬಂತು. ಅತ್ತೆಯ ಲೆಕ್ಕದ ಪಿಸುಮಾತು.

"ರಿ... ಗ್ರೆ... ಶನ್!"

ಬೀದಿಯಲ್ಲಿ ತಳ್ಳುಗಾಡಿಯವನು ತಿರುಗಿ ನೋಡಿದನು.

"ಯಾರದು?" ಮೇಡಂ ಮುಖ ಗಂಟಿಕ್ಕಿತು. "ಅವರನ್ನ ಮುಂದೆ ಕರೀರಿ."

ಅತ್ತೆ ಸೆರಗು ಬಾಯಿಗೆ ಹಿಡಿದು ಬಂದು ನಿಂತರು.

"ನೀವು ಈ ಲೈನಿನವರಾ?"

"ಅಯ್ಯೋ ಇಲ್ಲ ತಾಯಿ, ನಾನು ಸ್ಕೂಲ್ ಟೀಚರು. ಕೇಳಿ ಕೇಳಿ ಬಂದಿದ್ದು. ಹೊಸದು ಸೇರಿಸಿದಾಗ ಹಳೇದು ಕೆಟ್ಟಿಲ್ಲ ತಾನೇ ಅಂತ ಮತ್ತೆ ಪೂರ್ತಿ ನೋಡೋದು. ಇವಳಿಗೆ ಗೊತ್ತಮ್ಮ, ಗಾಬರಿಗೆ ಮರೆತಳು. ತಪ್ಪು ನನ್ನದು. ಅವಳಿಗೆ ಶಿಕ್ಷೆ ಕೊಡಬೇಡಿ."

ಮೇಡಂ ತುಟಿಯಲ್ಲಿ ನಗು ಬಂದು ಹೋದಂತಾಯಿತು. ಆದರೆ ಹೇಳಿದ್ದು ಮಾತ್ರ ಇಷ್ಟೇ: "ನಿಯಮ ನಿಯಮಾನೇ. ಇವತ್ತಿಂದು ಲೆಕ್ಕಕ್ಕಿಲ್ಲ. ನಡೆದದ್ದನ್ನ ಮೇಲಿನವರಿಗೆ ತಿಳಿಸ್ತೀನಿ." ಪರದೆ ಕಪ್ಪಾಯಿತು.

ಸೊಸೆಗೆ ಕೋಪ ನೆತ್ತಿಗೇರಿತು. "ಉಸಿರೂ ಬಿಡಲ್ಲ ಅಂದಿದ್ರಲ್ಲ ಅತ್ತೆ!" ಎಂದಳು. ಅಷ್ಟೇ ಅಂದದ್ದು. ಅತ್ತೆಗೆ ಅಷ್ಟೇ ಸಾಕಾಯಿತು.

ಅಂದಿನಿಂದ ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಊಟಕ್ಕೆ ಕರೆದರೆ ತಲೆಯಾಡಿಸುವರು, ಮಗ ಮಾತಾಡಿಸಿದರೆ ಕೈಸನ್ನೆ ಮಾಡುವರು. ಮರುದಿನವೂ ಅದೇ. ಸೊಸೆಯ ಕೋಪ ಇಳಿದು ಅದರ ಜಾಗದಲ್ಲಿ ಭಯ ಬಂದು ಕೂತಿತು. ಬಳಸದ ಮಾತು ಮತ್ತೆ ಜಾರಿಹೋಗಬಹುದು ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು. ಕೆಲಸ ಹೋದರೆ ಇನ್ನೊಂದು, ಅತ್ತೆಯ ಮಾತು ಹೋದರೆ ಎಲ್ಲಿಂದ ತರುವುದು?

ಮೂರನೆಯ ಬೆಳಿಗ್ಗೆ ಅವಳು ಅತ್ತೆಯ ಮುಂದೆ ಮಣೆ ಹಾಕಿಕೊಂಡು ಕೂತು ಲೋಟ ಎತ್ತಿದಳು. "ಇದೇನು?"

ಅತ್ತೆ ಮುಖ ತಿರುಗಿಸಿದರು.

"ಅತ್ತೆ, ಕಾಲಿಗೆ ಬೀಳ್ತೀನಿ. ಇದೇನು?"

"...ಲೋಟ."

"ಇದು?"

"ಬೀಗದ ಕೈ. ನನ್ನಿಂದಾನೇ ನಿನ್ನ ಕೆಲಸ ಹೋಯ್ತು, ಒಂದ್ಸಲ ಅಲ್ಲ, ಎರಡು ಸಲ." ಅತ್ತೆಯ ಕಣ್ಣು ತುಂಬಿತ್ತು. "ಇದು ಬಾಚಣಿಗೆ. ಅದು ಚಮಚ. ಸಾಕಾ?"

ಸೊಸೆಯ ಕೈಯಲ್ಲಿ ಚಮಚ ಹಾಗೇ ನಿಂತಿತು. ಹೊಸದು ಸೇರಿಸಿದಾಗ ಹಳೆಯದು ಕೆಟ್ಟಿಲ್ಲ ತಾನೇ ಎಂದು ಮತ್ತೆ ಪೂರ್ತಿ ನೋಡುವುದು. ಆರು ವರ್ಷ, ದಿನಾ ಬೆಳಿಗ್ಗೆ, ಈ ಮಣೆಯ ಮೇಲೆ ಕೂತು ತಾನು ಮಾಡಿದ್ದು ಅದನ್ನೇ ಅಲ್ಲವೇ? ಇಷ್ಟು ದಿನ ಅದನ್ನೇ ಖಾಲಿ ಜಾಗ ಅಂತ ಹೇಳಿಕೊಂಡು ತಿರುಗಿದೆನಲ್ಲ, ನನ್ನ ಬುದ್ಧಿಗಿಷ್ಟು! ಅವಳು ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಅತ್ತೆಗೆ ತಲೆಬುಡ ತಿಳಿಯಲಿಲ್ಲ. "ಚಮಚ ಹೇಳಿದ್ದಕ್ಕೆ ಇಷ್ಟಾ?" ಎಂದರು.

ಆ ವಾರದ ಕೊನೆಗೆ ಫೋನು ಬಂತು. ಇನ್ನೊಂದು ಅವಕಾಶ ಕೊಡುತ್ತಾರಂತೆ, ಆದರೆ ಆಫೀಸಿಗೇ ಬರಬೇಕಂತೆ. ಒಬ್ಬರೇ, ಎಂದು ಒತ್ತಿ ಹೇಳಿದರು.

ಗಾಜಿನ ಕೋಣೆಯಲ್ಲಿ ಕನ್ನಡಕದ ಮೇಡಂ ಜೊತೆ ಒಬ್ಬ ಗಡ್ಡದ ಮ್ಯಾನೇಜರ್ ಕೂತಿದ್ದರು. ಟೆಸ್ಟಿಂಗ್ ಪ್ರಶ್ನೆಗಳಿಗೆಲ್ಲ ಸೊಸೆ ತಡವರಿಸದೆ ಉತ್ತರ ಕೊಟ್ಟಳು. ಕೊನೆಗೆ ಮ್ಯಾನೇಜರ್ ಅದೇ ಹಳೆಯ ಬಾಣ ಬಿಟ್ಟರು: "ಆರು ವರ್ಷ ಏನೂ ಕೆಲಸ ಇಲ್ಲ. ಯಾಕೆ?"

"ಇತ್ತು ಸರ್" ಎಂದಳು ಸೊಸೆ. ಈ ಸಲ ದನಿ ಕುಗ್ಗಲಿಲ್ಲ. "ನಮ್ಮತ್ತೆಗೆ ಮಾತು ಹೋಗಿತ್ತು. ದಿನಕ್ಕೊಂದು ಹೊಸ ಪದ ಸೇರಿಸಿ, ಹಳೇದೆಲ್ಲ ಉಳಿದಿದ್ಯಾ ಅಂತ ದಿನಾ ನೋಡ್ತಿದ್ದೆ. ಚಮಚ ಕಲಿತ ದಿನ ಬಟ್ಟಲು ಮರೆತರು. ಒಟ್ಟೊಟ್ಟಿಗೆ ಬಳಸೋ ವಸ್ತುಗಳ ಹೆಸರು ಒಂದಕ್ಕೊಂದು ಡಿಕ್ಕಿ ಹೊಡೀತಿದೆ ಅಂತ ಆಗ ಗೊತ್ತಾಯ್ತು. ಅಂಥ ಪದಗಳನ್ನ ದೂರ ದೂರ ಇಟ್ಟು ಕಲಿಸಿದೆ. ಮತ್ತೆ ಕೆಡಲಿಲ್ಲ."

ಮ್ಯಾನೇಜರ್ ಪೆನ್ನು ಕೆಳಗಿಟ್ಟರು. "ಈಗ ಎಲ್ಲಾ ಸರಿಹೋಗಿದ್ಯಾ?"

"ಒಂದು ತಪ್ಪು ಉಳ್ಕೊಂಡಿದೆ ಸರ್. ಪಿಸುಮಾತು. ಮೇಡಂ ಅವರೇ ಸಾಕ್ಷಿ."

ಮೇಡಂ ಕನ್ನಡಕ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಲಸ ಸಿಕ್ಕಿತು. ಹಿಂದೆ ಬಿಟ್ಟ ಹುದ್ದೆಗಿಂತ ಒಂದು ಮೆಟ್ಟಿಲು ಕೆಳಗಿನದು, ಸ್ವಲ್ಪ ಕಾಲ ನೋಡಿ ಮೇಲೇರಿಸುತ್ತೇವೆ ಎಂದರು. ಸೊಸೆಗೆ ಬೇಜಾರೇನೂ ಇರಲಿಲ್ಲ. ಮೆಟ್ಟಿಲು ಹತ್ತುವುದು ಹೇಗೆಂದು ಅವಳು ಮನೆಯಲ್ಲೇ ನೋಡಿದ್ದಳು.

ಮೊದಲ ದಿನ ಚಪ್ಪಲಿ ಮೆಟ್ಟುವಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ನೀರಿನ ಬಾಟಲಿ ಎತ್ತಿ ಹಿಡಿದಿದ್ದರು.

"ಇದೇನು?"

"ಅತ್ತೆ, ಬಸ್ಸು ತಪ್ಪುತ್ತೆ!"

"ಹೊಸದು ಸೇರ್ತಲ್ಲ, ಹಳೇದು ಕೆಟ್ಟಿಲ್ಲ ತಾನೇ ನೋಡ್ಬೇಡ್ವಾ? ಇದೇನು?"

"ಬಾಟಲಿ."

"ಇದು?"

"ಬುತ್ತಿ ಡಬ್ಬಿ."

ಅತ್ತೆ ಕೈ ಖಾಲಿ ಮಾಡಿಕೊಂಡು ತಮ್ಮ ಎದೆ ಮುಟ್ಟಿಕೊಂಡರು. "ನಾನ್ಯಾರು?"

ಸೊಸೆ ಬಾಯಿ ತೆರೆದಳು, ಮುಚ್ಚಿದಳು. ಇಷ್ಟು ಚಿಕ್ಕ ಮಾತು, ಹೊರಗೇ ಬರಲೊಲ್ಲದು.

ಅತ್ತೆ ಆಚೆ ಈಚೆ ನೋಡಿ, ಮೇಡಂ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೊಸೆಯ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. ಎದುರುಮನೆಯ ಕಿಟಕಿ ಧಡಕ್ಕನೆ ತೆರೆದುಕೊಂಡಿತು.

"ಅತ್ತೆ ಅನ್ನೇ, ಅತ್ತೆ!"