ಮೂರು ತುಳಿತದ ಜೀಪು

ಆ ಮನೆಯ ಜೀಪಿಗೆ ಬ್ರೇಕು ಇಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಇತ್ತು, ಕೇಳಿದ ಕೂಡಲೇ ಕೊಡುತ್ತಿರಲಿಲ್ಲ, ಅಷ್ಟೆ. ಮೊದಲ ತುಳಿತಕ್ಕೆ ಪೆಡಲು ನೆಲ ಮುಟ್ಟುತ್ತಿತ್ತು. ಎರಡನೆಯದಕ್ಕೆ ಕೊಂಚ ಗಟ್ಟಿಯಾಗುತ್ತಿತ್ತು. ಮೂರನೆಯದಕ್ಕೆ ಮೈಭಾರವನ್ನೆಲ್ಲ ಹಾಕಿ ಒತ್ತಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತ, ನರಳುತ್ತ ನಿಲ್ಲುತ್ತಿತ್ತು. ಮನೆಯಲ್ಲಿ ಇದಕ್ಕೆ ಮೂರು ತುಳಿತ ಎಂದೇ ಹೆಸರು. ಆ ವಿದ್ಯೆ ಗಂಡನೊಬ್ಬನಿಗೇ ಒಲಿದಿತ್ತು. "ಇದು ನನ್ನ ಕಾಲಿನ ಮಾತು ಬಿಟ್ರೆ ಇನ್ಯಾರ ಮಾತೂ ಕೇಳಲ್ಲ," ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಹೆಂಡತಿಗೂ ಲೈಸೆನ್ಸ್ ಇತ್ತು. ಅವಧಿ ಮುಗಿದಾಗಲೆಲ್ಲ ತಪ್ಪದೆ ಹೊಸದು ಮಾಡಿಸಿಕೊಂಡಿದ್ದಳು. ಗಾಡಿ ಮಾತ್ರ ಕೈಗೆ ಬಂದಿರಲಿಲ್ಲ.

ಗುಡ್ಡದ ಮೇಲೆ ಅವಳ ನರ್ಸರಿ. ಹೂವಿನ ಕುಂಡ, ಸಸಿಗಳ ಟ್ರೇ ಪೇಟೆಗೆ ಇಳಿಯಬೇಕಾದರೆ ಆ ಕಡಿದಾದ ಕಲ್ಲುದಾರಿಗೆ ಕಾರು ಗೀರು ಆಗದು, ಜೀಪೇ ಬೇಕು. ಗಂಡನ ಮಂಡಿಗೆ ಆಪರೇಷನ್ ಆದ ಮೇಲೆ ಡಾಕ್ಟರು, ಇನ್ನು ಗಟ್ಟಿ ಪೆಡಲು ತುಳಿಯಕೂಡದು ಎಂದರು. ಅವನು ಆಸ್ಪತ್ರೆಯ ಹಾಸಿಗೆಯಲ್ಲೇ ತೀರ್ಪು ಕೊಟ್ಟ. "ಜೀಪು ಮಾರಿಬಿಡೋಣ. ಸಸಿ ಗಿಸಿ ಮಾಡಿದ್ದು ಸಾಕು, ಆರಾಮಾಗಿರು."

ಆರಾಮಾಗಿರುವುದೆಂದರೆ ನರ್ಸರಿಗೆ ಬೀಗ ಹಾಕುವುದು ಎಂದು ಅವಳಿಗೆ ಅರ್ಥವಾಗಿತ್ತು. ಗಂಡ ಚೇತರಿಸಿಕೊಳ್ಳಲು ತನ್ನ ಅಕ್ಕನ ಮನೆಗೆ ಹೋದ ಮೇಲೆ, ನರ್ಸರಿಯ ಹತ್ತಿರವೇ ಗ್ಯಾರೇಜಿಟ್ಟಿದ್ದ ಮೈದುನನನ್ನು ಕರೆಸಿ ಜೀಪು ಒಪ್ಪಿಸಿದಳು.

"ಅತ್ತಿಗೆ, ಅಣ್ಣ ನನ್ನನ್ನ ಅಟ್ಟಾಡಿಸಿಕೊಂಡು ಹೊಡೀತಾನೆ."

"ಅಟ್ಟಾಡಿಸೋಕೆ ಮಂಡಿ ಬಗ್ಗಬೇಕಲ್ಲ," ಎಂದಳು.

ಮೈದುನ ಮುಂದಿನ ಚಕ್ರಗಳ ಹಳೆಯ ಬ್ರೇಕ್ ಡ್ರಮ್ಮು ಬಿಚ್ಚಿ ಡಿಸ್ಕ್ ಬ್ರೇಕ್ ಕೂರಿಸಿದ. ಸೋರುತ್ತಿದ್ದ ಸಿಲಿಂಡರು, ಗಟ್ಟಿಯಾಗಿ ಸೀಳುಬಿಟ್ಟಿದ್ದ ರಬ್ಬರ್ ಪೈಪು ಎಲ್ಲ ಬದಲಾದವು. ಕಾಲಿನ ಅರ್ಧ ಕೆಲಸ ಇಂಜಿನ್ನೇ ಮಾಡಿಕೊಡುವಂತೆ ಬೂಸ್ಟರ್ ಒಂದು ಬಂತು. ಒಳಗೆ ಗುಡಿಸುವಾಗ ಪಕ್ಕದ ಸೀಟಿನ ಕೆಳಗಿನ ಮ್ಯಾಟು ಎತ್ತಿ ಹಿಡಿದ. ನಡುವೆ ತೂತು.

"ಇಲಿ ಕಡಿದಿದೆಯಲ್ಲ ಅತ್ತಿಗೆ."

"ಇಲಿಯಲ್ಲ, ನಾನು. ಇಳಿಜಾರಲ್ಲಿ ಅವರ ಜೊತೆ ನಾನೂ ಕಾಲು ಒತ್ತುತ್ತಿದ್ದೆ."

ಅವನು ನಕ್ಕ. ಮತ್ತೊಮ್ಮೆ ಆ ತೂತನ್ನು ನೋಡಿ ಮ್ಯಾಟನ್ನು ಮಡಚಿಟ್ಟ.

ಕೊನೆಗೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ ಉಳಿಯಿತು. ಅದಕ್ಕೆ ಮೇಲೊಬ್ಬರು, ಕೆಳಗೊಬ್ಬರು ಬೇಕು. ಅವಳು ಮೊದಲ ಬಾರಿಗೆ ಆ ಜೀಪಿನ ಸ್ಟೀರಿಂಗಿನ ಹಿಂದೆ ಕೂತಳು. ಚಕ್ರದ ಬಳಿಯಿಂದ ಅವನ ದನಿ ಬರುತ್ತಿತ್ತು: "ತುಳೀರಿ... ಹಿಡ್ಕೊಳ್ಳಿ... ಬಿಡಿ." ಪ್ರತಿ ಸಲವೂ ಪೆಡಲು ಇನ್ನಷ್ಟು ಮೇಲೇ ನಿಲ್ಲತೊಡಗಿತು. ಅವಳಿಗೆ ಅಂಥ ಖುಷಿಯೇನೂ ಆಗಲಿಲ್ಲ. ಇಷ್ಟು ವರ್ಷ ಮನೆಮಂದಿಯೆಲ್ಲ ಕೆಟ್ಟುಹೋದ ಯಂತ್ರವೊಂದನ್ನು ಗಂಡನ ಜಾಣತನವೆಂದು ತಿಳಿದಿದ್ದೆವಲ್ಲ ಎಂದುಕೊಂಡಳು. ಅದರಲ್ಲಿ ಅವಳೂ ಸೇರಿದ್ದಳು. ಮರುದಿನದಿಂದ ಮೈದುನನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಕಲ್ಲುದಾರಿಯಲ್ಲಿ ಓಡಿಸಿ ಕೈ ಪಳಗಿಸಿಕೊಂಡಳು.

ಗಂಡ ಬಂದವನೇ ಕೋಲೂರಿಕೊಂಡು ಗ್ಯಾರೇಜಿಗೆ ನಡೆದ. "ಯಾರನ್ನ ಕೇಳಿ ಮಾಡಿದ್ರಿ?" ಎಂದು ಇಬ್ಬರನ್ನೂ ಕೇಳಿ, ಉತ್ತರಕ್ಕೆ ಕಾಯದೆ ಹತ್ತಿ ಕೂತ. ಅಂಗಳದಲ್ಲಿ ನಾಲ್ಕು ಮಾರು ಹೋಗಿ ಹಳೆಯ ಅಭ್ಯಾಸದಂತೆ ತುಳಿದ. ಜೀಪು ಮೂಗು ನೆಲಕ್ಕಿಳಿಸಿ ನಿಂತಿತು, ಇಂಜಿನ್ ಆರಿತು, ಕನ್ನಡಕ ಮಡಿಲಿಗೆ ಬಿತ್ತು.

"ಅಣ್ಣ, ತುಳೀಬೇಡ. ಮುಟ್ಟಿದ್ರೆ ಸಾಕು."

ಅವನ ಕಾಲಿಗೆ ಮುಟ್ಟುವುದು ಗೊತ್ತಿರಲಿಲ್ಲ. ಮತ್ತೆ ತುಳಿದ, ಈ ಸಲ ಹಣೆ ಸ್ಟೀರಿಂಗಿಗೆ ತಾಗಿತು. ಇಳಿದು ಬಂದು, "ಹಳೇದನ್ನೇ ಹಾಕು," ಎಂದ.

"ಅದನ್ನ ಗುಜರಿಗೆ ಕೊಟ್ಟಾಯ್ತು," ಎಂದಳು ಅವಳು.

ಮೈದುನ ಮೆಲ್ಲಗೆ ಗ್ಯಾರೇಜಿನ ಬಾಗಿಲಿಗೆ ಅಡ್ಡ ಬಂದು ನಿಂತ. ಡ್ರಮ್ಮುಗಳು ಬಾಗಿಲ ಹಿಂದೆ ಗೋಣಿಯ ಕೆಳಗೇ ಇದ್ದವು.

"ಹಾಗಾದ್ರೆ ಮಾರೋದೇ ಸರಿ," ಎಂದ ಗಂಡ.

"ಮಾರೋಣಂತೆ. ಇವತ್ತು ಸಸಿ ಇಳಿಸ್ಬೇಕು. ಅಂಗಡಿಯವರು ಕಾಯ್ತಿದಾರೆ. ಹತ್ತಿ."

ಮೈದುನ ಕುಂಡ, ಟ್ರೇಗಳನ್ನು ಹಿಂದೆ ತುಂಬಿದ. ಗಂಡ ಪಕ್ಕದ ಸೀಟಿಗೆ ಹತ್ತಿದ; ತಾನಿಲ್ಲದೆ ಜೀಪು ಇಳಿಯುವುದನ್ನು ದೂರ ನಿಂತು ನೋಡುವುದು ಅವನಿಂದಾಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವನದೇ ಮಾತು. ಗೇರು ಇಳಿಸು, ಕಲ್ಲು ನೋಡು, ಅಂಚಿಗೆ ಹೋಗಬೇಡ. ಅವಳು ಹೂಂಗುಟ್ಟುತ್ತ ತನಗೆ ಸರಿಕಂಡಂತೆ ಓಡಿಸಿದಳು. ಕೊನೆಯ ತಿರುವಿಗೆ ಮುಂಚೆ, ಕೆಳಗಿನಿಂದ ಲಾರಿಯೊಂದು ದಾರಿತುಂಬ ಏರಿ ಬರುತ್ತಿತ್ತು.

"ತುಳಿ. ಇನ್ನೊಂದ್ಸಲ ತುಳಿ. ಜೋರಾಗಿ! ನಿಲ್ಸು, ನಿಲ್ಸು ಅಂತಿದೀನಲ್ಲ!"

"ನಿಂತಿದೆಯಲ್ರೀ."

ಅವನು ಹೊರಗೆ ನೋಡಿದ. ಪಕ್ಕದ ಪೊದೆ ಇದ್ದಲ್ಲೇ ಇತ್ತು. ಹಿಂದೆ ಒಂದು ಕುಂಡವೂ ಅಲುಗಿರಲಿಲ್ಲ. ಲಾರಿ ಸಾವಕಾಶವಾಗಿ ಉಜ್ಜಿಕೊಂಡಂತೆ ದಾಟಿಹೋಯಿತು. ಡ್ರೈವರು ಅವಳಿಗೆ ಕೈಯೆತ್ತಿದ, ಅವಳೂ ಎತ್ತಿದಳು.

ಗಂಡ, "ಅಭ್ಯಾಸ ಆದ್ರೆ ನಾನೇ ಓಡಿಸ್ತೀನಿ," ಎಂದ. ಮಾರುವ ಮಾತು ಅದರಲ್ಲಿ ಇರಲಿಲ್ಲ.

"ಓಡಿಸೋರಂತೆ. ಅಲ್ಲೀವರೆಗೆ ನಾನಿದೀನಿ."

ಅವಳು ಬ್ರೇಕಿನಿಂದ ಕಾಲು ತೆಗೆದಳು. ಜೀಪು ಪೇಟೆಯ ಕಡೆಗೆ ಇಳಿಯತೊಡಗಿತು.